ನಿಲ್ದಾಣದಿಂದ ಅರ್ಧ ಮೈಲಿ: ಲಾಸ್ ಏಂಜಲೀಸ್‌ನ ವಲಯ ನಿಯಮ ಮನೆ ನಿರ್ಮಾಣಕ್ಕೆ ವೇಗ ಕೊಟ್ಟ ಪ್ರಕರಣ

2016ರ ನವೆಂಬರ್ 8ರಂದು ಲಾಸ್ ಏಂಜಲೀಸ್ ನಗರದ ಮತದಾರರು ಒಂದೇ ದಿನ ಎರಡು ಪ್ರಸ್ತಾವಗಳಿಗೆ ಒಪ್ಪಿಗೆ ಕೊಟ್ಟರು. ಇಡೀ ಕೌಂಟಿಗೆ, ಅಂದರೆ ನಗರವನ್ನೂ ಒಳಗೊಂಡ ಜಿಲ್ಲೆಗೆ, ಅನ್ವಯಿಸುವ ‘ಮೆಷರ್ ಎಂ’ ಮಾರಾಟ ತೆರಿಗೆಯನ್ನು ಡಾಲರಿಗೆ ಅರ್ಧ ಸೆಂಟಿನಷ್ಟು ಏರಿಸಿ, ಆ ಹಣವನ್ನು ರೈಲು, ಬಸ್ ಮತ್ತು ರಸ್ತೆ ಜಾಲಕ್ಕೆ ಮೀಸಲಿಟ್ಟಿತು. ನಗರಕ್ಕೆ ಮಾತ್ರ ಸಂಬಂಧಿಸಿದ ‘ಮೆಷರ್ ಜೆಜೆಜೆ’ ಪ್ರಮುಖ ಸಾರಿಗೆ ನಿಲ್ದಾಣಗಳ ಅರ್ಧ ಮೈಲಿ ವ್ಯಾಪ್ತಿಯಲ್ಲಿ ಹೆಚ್ಚು ಮನೆಗಳನ್ನು ಕಟ್ಟಲು ಅವಕಾಶ ಕೊಡುವ ಮಾರ್ಗಸೂಚಿಯನ್ನು ರೂಪಿಸುವಂತೆ ಯೋಜನಾ ನಿರ್ದೇಶಕರಿಗೆ ಅಪ್ಪಣೆ ಮಾಡಿತು. ಹಳಿ ಹಾಕುವ ನಿರ್ಧಾರವೂ ಹಳಿಯ ಪಕ್ಕದಲ್ಲಿ ಮನೆ ಕಟ್ಟುವ ನಿರ್ಧಾರವೂ ಹೀಗೆ ಒಟ್ಟಿಗೆ ಬಂದದ್ದು ಅಪರೂಪ. ಸಾಮಾನ್ಯವಾಗಿ ರೈಲು ಮೊದಲು ಬರುತ್ತದೆ. ಅದರ ಸುತ್ತಲಿನ ನೆಲದ ನಿಯಮ ಬದಲಾಗುವ ಹೊತ್ತಿಗೆ ವರ್ಷಗಳು ಉರುಳಿರುತ್ತವೆ.

ಆ ಮಾರ್ಗಸೂಚಿ 2017ರ ಸೆಪ್ಟೆಂಬರ್‌ನಲ್ಲಿ ‘ಟ್ರಾನ್ಸಿಟ್ ಓರಿಯೆಂಟೆಡ್ ಕಮ್ಯುನಿಟೀಸ್’, ಸಂಕ್ಷೇಪವಾಗಿ ಟಿಒಸಿ, ಎಂಬ ಹೆಸರಿನಲ್ಲಿ ಜಾರಿಗೆ ಬಂತು. ಅದು ಹೇಗೆ ಕೆಲಸ ಮಾಡಿತು, ಎಲ್ಲಿ ನಿಂತುಹೋಯಿತು, ನಂತರ ಏನಾಯಿತು ಎಂಬುದನ್ನು ಈ ಬರಹ ಪರಿಶೀಲಿಸುತ್ತದೆ. ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು: ಈ ನಿಯಮದ ಬಲ ಹೆಚ್ಚುವರಿ ಮಹಡಿಗಳಿಗಿಂತ ಹೆಚ್ಚಾಗಿ ಅದರ ಖಚಿತತೆಯಲ್ಲಿತ್ತು. ನಿವೇಶನ ಕೊಳ್ಳುವ ಮೊದಲೇ ಅದರ ಮೇಲೆ ಎಷ್ಟು ಮನೆ ಕಟ್ಟಬಹುದು, ಬದಲಿಗೆ ಎಷ್ಟು ಮನೆಗಳನ್ನು ಕಡಿಮೆ ಬಾಡಿಗೆಗೆ ಬಿಟ್ಟುಕೊಡಬೇಕು ಎಂಬ ಲೆಕ್ಕವನ್ನು ಯಾರ ಬಾಗಿಲನ್ನೂ ತಟ್ಟದೆ ಮಾಡಿಕೊಳ್ಳಲು ಬಿಲ್ಡರ್‌ಗಳಿಗೆ ಸಾಧ್ಯವಾಯಿತು.

ನಿಯಮಗಳೇ ಕುಗ್ಗಿಸಿದ ನಗರ

ಲಾಸ್ ಏಂಜಲೀಸ್‌ನಲ್ಲಿ ಮನೆಗಳ ಕೊರತೆ ನೆಲದ ಅಭಾವದಿಂದ ಹುಟ್ಟಿದ್ದಲ್ಲ. ಯಾವ ನಿವೇಶನದಲ್ಲಿ ಏನನ್ನು, ಎಷ್ಟು ಕಟ್ಟಬಹುದು ಎಂದು ಹೇಳುವುದು ವಲಯ ನಿಯಮ. 1960ರ ಸುಮಾರಿಗೆ ನಗರದ ಆ ನಿಯಮಗಳ ಪ್ರಕಾರ ಕಟ್ಟಬಹುದಾಗಿದ್ದ ಮನೆಗಳಲ್ಲಿ ಒಂದು ಕೋಟಿಯಷ್ಟು ಜನ ವಾಸಿಸಬಹುದಿತ್ತು. ಆಗ ಅಲ್ಲಿದ್ದವರು ಸುಮಾರು 25 ಲಕ್ಷ ಮಂದಿ. 1990ರ ವೇಳೆಗೆ ಜನಸಂಖ್ಯೆ ಸುಮಾರು 35 ಲಕ್ಷಕ್ಕೆ ಏರಿದ್ದರೆ, ನಿಯಮಗಳು ಅನುಮತಿಸುವ ಸಾಮರ್ಥ್ಯ 40 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬಡಾವಣೆಯಿಂದ ಬಡಾವಣೆಗೆ, ಯೋಜನೆಯಿಂದ ಯೋಜನೆಗೆ ಅನುಮತಿಯ ಮಿತಿಯನ್ನು ಇಳಿಸುತ್ತ ಬಂದದ್ದರ ಫಲವಿದು. ಇದರಲ್ಲಿ ದೊಡ್ಡ ಪೆಟ್ಟು ಕೊಟ್ಟದ್ದು 1986ರಲ್ಲಿ ಮತದಾರರು ಒಪ್ಪಿದ ‘ಪ್ರೊಪೊಸಿಷನ್ ಯು’ ಎಂಬ ಪ್ರಸ್ತಾವ. ನಗರದ ಬಹುಪಾಲು ವಾಣಿಜ್ಯ ನಿವೇಶನಗಳ ಎಫ್‌ಎಆರ್, ಅಂದರೆ ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಡದ ನೆಲ ಏಳಬಹುದು ಎಂಬ ಅನುಪಾತವನ್ನು, ಅದು 3ರಿಂದ 1.5ಕ್ಕೆ ಇಳಿಸಿತು. ಬಸ್ಸುಗಳು ಓಡುವ, ಮುಂದೆ ಮೆಟ್ರೊ ನಿಲ್ದಾಣಗಳು ಬರಲಿದ್ದ ಮುಖ್ಯರಸ್ತೆಗಳೇ ಈ ವಾಣಿಜ್ಯ ಪಟ್ಟಿಗಳಾಗಿದ್ದವು ಎಂಬುದನ್ನು ಗಮನಿಸಬೇಕು. ಸಾರಿಗೆಗೆ ಅತ್ಯಂತ ಹತ್ತಿರವಿದ್ದ ನೆಲವೇ ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಿಹಾಕಲ್ಪಟ್ಟಿತು.

ಮಿತಿ ಇಷ್ಟು ಬಿಗಿಯಾದಾಗ ಸ್ವಲ್ಪ ದೊಡ್ಡ ಕಟ್ಟಡ ಕಟ್ಟಬಯಸುವ ಪ್ರತಿಯೊಬ್ಬರೂ ವಿನಾಯಿತಿ ಕೇಳಲೇಬೇಕಾಯಿತು. ವಲಯ ಬದಲಾವಣೆಯ ಅರ್ಜಿ ಯೋಜನಾ ಇಲಾಖೆ, ಯೋಜನಾ ಆಯೋಗ, ನಗರ ಕೌನ್ಸಿಲ್‌ನ ಭೂಬಳಕೆ ಸಮಿತಿ, ಕೊನೆಗೆ ಪೂರ್ಣ ಕೌನ್ಸಿಲ್ ಹೀಗೆ ಮೆಟ್ಟಿಲೇರಬೇಕು. ಆ ಪ್ರದೇಶವನ್ನು ಪ್ರತಿನಿಧಿಸುವ ಕೌನ್ಸಿಲ್ ಸದಸ್ಯರ ಮಾತನ್ನು ಉಳಿದ ಸದಸ್ಯರು ಮೀರುವುದು ವಿರಳವಾದ್ದರಿಂದ ಒಬ್ಬ ವ್ಯಕ್ತಿಯ ಒಲವೇ ನಿರ್ಣಾಯಕವಾಗುತ್ತಿತ್ತು. ಇಂಥ ವಿವೇಚನಾಧಿಕಾರ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ದಾಖಲೆಯಿದೆ: ಭೂಬಳಕೆ ಸಮಿತಿಯ ಅಧ್ಯಕ್ಷರಾಗಿದ್ದ ಹೋಸೆ ವಿಝಾರ್ ಅವರನ್ನು ಫೆಡರಲ್ ತನಿಖಾಧಿಕಾರಿಗಳು 2020ರಲ್ಲಿ ಬಂಧಿಸಿದರು; ಬಿಲ್ಡರ್‌ಗಳಿಂದ ಲಂಚ ಪಡೆದ ಪ್ರಕರಣದಲ್ಲಿ ಅವರು 2023ರಲ್ಲಿ ತಪ್ಪೊಪ್ಪಿಕೊಂಡರು; 2024ರ ಜನವರಿಯಲ್ಲಿ ಅವರಿಗೆ 13 ವರ್ಷ ಸೆರೆವಾಸ ವಿಧಿಸಲಾಯಿತು. ಪ್ರತಿ ಅರ್ಜಿಯನ್ನೂ ಕೂತು ಚೌಕಾಸಿ ಮಾಡುವ ಪದ್ಧತಿ ನಿಧಾನವಾದದ್ದು ಮಾತ್ರವಲ್ಲ, ಅನ್ಯಾಯಕ್ಕೂ ದಾರಿ ಬಿಡುವಂಥದ್ದು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಇನ್ನೊಂದು ಪದ್ಧತಿಯೂ ಇತ್ತು: ಪ್ರತಿ ನಿಲ್ದಾಣಕ್ಕೂ ಪ್ರತ್ಯೇಕ ಯೋಜನೆ ಬರೆಯುವುದು. ಎಕ್ಸ್‌ಪೊ ರೈಲು ಮಾರ್ಗ 2016ರ ಮೇ ತಿಂಗಳಲ್ಲಿ ಸಾಂಟಾ ಮೋನಿಕಾವರೆಗೆ ಓಡತೊಡಗಿತು. ಆ ಮಾರ್ಗದ ನಿಲ್ದಾಣಗಳ ಸುತ್ತಲಿನ ಭೂಬಳಕೆ ಯೋಜನೆಗೆ ಕೌನ್ಸಿಲ್ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಎಚ್ಚರಿಕೆಯಿಂದ ಮಾಡಿದ ಕೆಲಸವೇ ಅದು, ಆದರೂ ರೈಲು ಎರಡು ವರ್ಷ ಮುಂದೆ ಹೋಗಿಬಿಟ್ಟಿತ್ತು.

ಒಂದು ಕೋಷ್ಟಕ, ಒಂದು ನಿವೇಶನ

ಟಿಒಸಿ ಇವೆರಡನ್ನೂ ಬದಿಗಿಟ್ಟು ಇಡೀ ನಗರಕ್ಕೆ ಒಂದೇ ಕೋಷ್ಟಕ ಮಾಡಿತು. ರೈಲು ನಿಲ್ದಾಣ ಅಥವಾ ದಟ್ಟಣೆಯ ವೇಳೆಯಲ್ಲಿ 15 ನಿಮಿಷಕ್ಕೊಮ್ಮೆಯಾದರೂ ಬಸ್ ಬರುವ ಎರಡು ಮಾರ್ಗಗಳು ಸಂಧಿಸುವ ಜಾಗವನ್ನು ಪ್ರಮುಖ ನಿಲ್ದಾಣವೆಂದು ಪರಿಗಣಿಸಿ, ಅಲ್ಲಿಂದ 2,640 ಅಡಿಯೊಳಗಿನ ನಿವೇಶನಗಳನ್ನು ನಾಲ್ಕು ಶ್ರೇಣಿಗಳಾಗಿ ವಿಂಗಡಿಸಲಾಯಿತು. ಸಾರಿಗೆ ಎಷ್ಟು ಹತ್ತಿರವೋ ಎಷ್ಟು ಬಲವಾಗಿದೆಯೋ ಶ್ರೇಣಿ ಅಷ್ಟು ಮೇಲೆ. ಮೊದಲ ಶ್ರೇಣಿಯಲ್ಲಿ ಮೂಲ ಮಿತಿಗಿಂತ ಶೇ 50ರಷ್ಟು ಹೆಚ್ಚು ಮನೆಗಳು, ನಂತರ ಶೇ 60, ಶೇ 70, ನಾಲ್ಕನೆಯದರಲ್ಲಿ ಶೇ 80; ಕಡಿಮೆ ಸಾಂದ್ರತೆಯ ಕೆಲವು ವಲಯಗಳಲ್ಲಿ ಇದಕ್ಕಿಂತ ಕಡಿಮೆ. ಪ್ರತಿಯಾಗಿ ಬಿಲ್ಡರ್ ಒಂದು ಪಾಲು ಮನೆಗಳನ್ನು 55 ವರ್ಷಗಳ ಕಾಲ ನಿಗದಿತ ಕಡಿಮೆ ಬಾಡಿಗೆಗೆ ಕೊಡುವ ಕರಾರಿಗೆ ಸಹಿ ಹಾಕಬೇಕು. ಮೂರನೆಯ ಶ್ರೇಣಿಯಲ್ಲಿ ಆಯ್ಕೆ ಹೀಗಿತ್ತು: ಅತಿ ಕಡಿಮೆ ಆದಾಯದವರಿಗೆ ಶೇ 10, ಅಥವಾ ಅದಕ್ಕಿಂತ ಸ್ವಲ್ಪ ಮೇಲಿನ ಆದಾಯದವರಿಗೆ ಶೇ 14, ಅಥವಾ ಇನ್ನೂ ಮೇಲಿನ ಆದಾಯದವರಿಗೆ ಶೇ 23.

ಈ ಅಂಕಿಗಳು ನೆಲದ ಮೇಲೆ ಏನು ಮಾಡುತ್ತವೆ ಎಂದು ತಿಳಿಯಲು ಲೆಕ್ಕಕ್ಕಾಗಿ ಒಂದು ನಿವೇಶನವನ್ನು ತೆಗೆದುಕೊಳ್ಳೋಣ. ರೈಲು ನಿಲ್ದಾಣದ ಅರ್ಧ ಮೈಲಿಯೊಳಗೆ, ವಾಣಿಜ್ಯ ರಸ್ತೆಯೊಂದರ ಬದಿಯಲ್ಲಿ, 10,000 ಚದರ ಅಡಿಯ ನಿವೇಶನ. ಅಂಥ ವಲಯದಲ್ಲಿ 400 ಚದರ ಅಡಿ ನೆಲಕ್ಕೆ ಒಂದು ಮನೆಯಂತೆ 25 ಮನೆಗಳಿಗೆ ಅವಕಾಶ, ಆದರೆ ಎಫ್‌ಎಆರ್ 1.5 ಆದ್ದರಿಂದ ಒಟ್ಟು ಕಟ್ಟಡ 15,000 ಚದರ ಅಡಿ ಮೀರುವಂತಿಲ್ಲ. ಮೆಟ್ಟಿಲು, ಓಣಿ, ಲಿಫ್ಟ್ ಎಲ್ಲ ಸೇರಿ ಒಂದು ಮನೆಗೆ 600 ಚದರ ಅಡಿ. ಟಿಒಸಿಯ ಮೂರನೆಯ ಶ್ರೇಣಿಯಲ್ಲಿ ಮನೆಗಳ ಸಂಖ್ಯೆ ಶೇ 70ರಷ್ಟು ಏರಿ 43 ಆಗುತ್ತದೆ. ಅದಷ್ಟನ್ನೇ ಕೊಟ್ಟಿದ್ದರೆ 15,000 ಚದರ ಅಡಿಯಲ್ಲಿ 43 ಮನೆಗಳನ್ನು ತುರುಕುವುದು ಅಸಾಧ್ಯವಾಗಿ ಆ ರಿಯಾಯಿತಿ ಕಾಗದದ ಮೇಲೆಯೇ ಉಳಿಯುತ್ತಿತ್ತು. ಆದರೆ ಕೋಷ್ಟಕ ಅಂಥ ವಾಣಿಜ್ಯ ನಿವೇಶನದ ಎಫ್‌ಎಆರ್ ಅನ್ನೂ 3.75ಕ್ಕೆ ಏರಿಸಿತು, ಕಟ್ಟಡ 37,500 ಚದರ ಅಡಿಗೆ ಬೆಳೆಯಬಹುದಾಯಿತು, ಒಂದು ಮನೆಯ ಪಾಲಿಗೆ ಸುಮಾರು 870 ಚದರ ಅಡಿ ಬಂತು. 1986ರಲ್ಲಿ ಅರ್ಧಕ್ಕೆ ಇಳಿದಿದ್ದ ಮಿತಿಯನ್ನು ನಿಲ್ದಾಣಗಳ ಬಳಿ ಅದು ಹೀಗೆ ಮೊದಲಿಗಿಂತಲೂ ಮೇಲಕ್ಕೆ ಒಯ್ದಿತು. ಸಾಂದ್ರತೆಯ ಶೇಕಡಾವಾರಿನ ಬಗ್ಗೆಯೇ ಚರ್ಚೆ ನಡೆಯುತ್ತದೆ. ಈ ನಿಯಮದಲ್ಲಿ ಹೆಚ್ಚು ಕೆಲಸ ಮಾಡಿದ್ದು ಎಫ್‌ಎಆರ್ ಸಾಲು ಎಂಬುದು ನನ್ನ ಓದು.

ಪಾರ್ಕಿಂಗ್ ಅಷ್ಟೇ ಮುಖ್ಯ. ಮೂರನೆಯ ಶ್ರೇಣಿಯಲ್ಲಿ ಒಂದು ಮನೆಗೆ ಅರ್ಧ ಕಾರಿನ ಜಾಗ ಸಾಕು, ಅಂದರೆ ಈ ನಿವೇಶನದಲ್ಲಿ 22. ನಾಲ್ಕನೆಯ ಶ್ರೇಣಿಯಲ್ಲಿ ಒಂದೂ ಕಡ್ಡಾಯವಲ್ಲ. ಹಳೆಯ ನಿಯಮದಲ್ಲಿ ಮನೆಯ ಕೋಣೆಗಳಿಗೆ ತಕ್ಕಂತೆ ಒಂದರಿಂದ ಎರಡು ಜಾಗ ಬೇಕಿತ್ತು. ನೆಲಮಾಳಿಗೆಯಲ್ಲಿ ಒಂದೊಂದು ಕಾರಿನ ಜಾಗಕ್ಕೂ ಹತ್ತಾರು ಸಾವಿರ ಡಾಲರ್ ತಗಲುವಾಗ, ಎರಡನೆಯ ನೆಲಮಾಳಿಗೆ ಅಗೆಯಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ ಚಿಕ್ಕ ನಿವೇಶನದ ಇಡೀ ಲೆಕ್ಕಾಚಾರವನ್ನು ತಿರುಗಿಸಬಲ್ಲದು. ಮುಂದೆ ರಾಜ್ಯವೇ ಇದನ್ನು ವಿಸ್ತರಿಸಿತು: 2022ರಲ್ಲಿ ಅಂಗೀಕಾರವಾದ ‘ಎಬಿ 2097’ ಕಾಯ್ದೆ 2023ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಪ್ರಮುಖ ನಿಲ್ದಾಣಗಳ ಅರ್ಧ ಮೈಲಿಯೊಳಗೆ ಬಹುತೇಕ ಕಟ್ಟಡಗಳಿಗೆ ಪಾರ್ಕಿಂಗ್ ಕಡ್ಡಾಯ ಮಾಡುವ ಅಧಿಕಾರವನ್ನೇ ನಗರಗಳಿಂದ ತೆಗೆದುಹಾಕಿತು.

ಕಡಿಮೆ ಬಾಡಿಗೆಯ ಪಾಲಿನ ಲೆಕ್ಕವನ್ನೂ ಇದೇ ನಿವೇಶನದಲ್ಲಿ ನೋಡಬಹುದು. 43 ಮನೆಗಳಲ್ಲಿ ಅತಿ ಕಡಿಮೆ ಆದಾಯದವರಿಗಾದರೆ 5, ಎರಡನೆಯ ಗುಂಪಿಗಾದರೆ 7, ಮೂರನೆಯದಕ್ಕಾದರೆ 10. ಹಲವು ಬಿಲ್ಡರ್‌ಗಳು ಮೊದಲನೆಯದನ್ನೇ ಆರಿಸಿಕೊಂಡರು. ಬಾಡಿಗೆ ತೀರ ಕಡಿಮೆಯಾದರೂ ಬಿಟ್ಟುಕೊಡಬೇಕಾದ ಮನೆಗಳ ಸಂಖ್ಯೆ ಚಿಕ್ಕದು. ಇದರಿಂದ, ಪ್ರದೇಶದ ಮಧ್ಯಮ ಆದಾಯದ ಶೇ 30ಕ್ಕಿಂತ ಕಡಿಮೆ ಗಳಿಸುವ ಕುಟುಂಬಗಳಿಗೆ, ಸಾಮಾನ್ಯವಾಗಿ ಸರ್ಕಾರಿ ಹಣವಿಲ್ಲದೆ ಯಾರೂ ಕಟ್ಟದ ಮನೆಗಳು, ಖಾಸಗಿ ಹಣದಿಂದಲೇ, ರೈಲಿಗೆ ನಡೆದು ಹೋಗುವ ದೂರದಲ್ಲಿ ಬಂದವು. ಇದನ್ನು ನಾನು ಈ ನಿಯಮದ ಅತ್ಯುತ್ತಮ ಫಲವೆಂದು ಭಾವಿಸುತ್ತೇನೆ.

ಎರಡು ಬಾಗಿಲು

ಮೆಷರ್ ಜೆಜೆಜೆಯಲ್ಲಿ ಇನ್ನೊಂದು ಭಾಗವಿತ್ತು. ಕಾರ್ಮಿಕ ಸಂಘಟನೆಗಳ ಬೆಂಬಲದಿಂದ ಬಂದ ಪ್ರಸ್ತಾವವಾದ್ದರಿಂದ, ವಲಯ ಬದಲಾವಣೆ ಕೇಳುವ ಹಳೆಯ ದಾರಿಯನ್ನು ಹಿಡಿಯುವವರು ಕಡಿಮೆ ಬಾಡಿಗೆಯ ಮನೆಗಳ ಜೊತೆಗೆ ನಿಗದಿತ ಕೂಲಿ ಮತ್ತು ಸ್ಥಳೀಯರ ನೇಮಕದ ಷರತ್ತನ್ನೂ ಪಾಲಿಸಬೇಕೆಂದು ಅದು ವಿಧಿಸಿತು. ಟಿಒಸಿ ದಾರಿಯಲ್ಲಿ ಆ ಷರತ್ತು ಇರಲಿಲ್ಲ. ಹೀಗೆ ಒಂದೇ ಕಾನೂನಿನೊಳಗೆ ಎರಡು ಬಾಗಿಲುಗಳು ತೆರೆದವು: ಒಂದರಲ್ಲಿ ಹೆಚ್ಚು ಷರತ್ತು, ಹೆಚ್ಚು ಅನಿಶ್ಚಿತತೆ, ಇನ್ನೊಂದರಲ್ಲಿ ಕೋಷ್ಟಕ. ಅರ್ಜಿದಾರರು ಎರಡನೆಯದರತ್ತ ಹರಿದರು, ಮೊದಲನೆಯದು ಬಹುಮಟ್ಟಿಗೆ ಖಾಲಿಯಾಯಿತು. ಕಟ್ಟಡ ಕಾರ್ಮಿಕರ ಕೂಲಿಯ ಪ್ರಶ್ನೆ ಸಣ್ಣದಲ್ಲ. ಆದರೆ ಯಾರೂ ಬಳಸದ ದಾರಿಯ ಮೇಲೆ ಹಾಕಿದ ಒಳ್ಳೆಯ ಷರತ್ತು ಯಾವ ಕಾರ್ಮಿಕನ ಕೈಗೂ ಹಣ ತಲುಪಿಸುವುದಿಲ್ಲ.

ಕೋಷ್ಟಕದ ಮೂಲ ರಿಯಾಯಿತಿಗಳಿಗೆ ಸಾರ್ವಜನಿಕ ವಿಚಾರಣೆಯ ಅಗತ್ಯವಿರಲಿಲ್ಲ. ನಕ್ಷೆ ನಿಯಮಕ್ಕೆ ಹೊಂದಿದೆಯೇ ಎಂದು ನೋಡಿ ಪರವಾನಗಿ ಕೊಡುವುದಷ್ಟೇ ಅಧಿಕಾರಿಗಳ ಕೆಲಸ. ಎತ್ತರ, ಪಕ್ಕದ ಖಾಲಿ ಜಾಗ ಮುಂತಾದವುಗಳಲ್ಲಿ ಹೆಚ್ಚುವರಿ ಸಡಿಲಿಕೆ ಬೇಕಾದರೆ ಮಾತ್ರ ಯೋಜನಾ ನಿರ್ದೇಶಕರ ನಿರ್ಣಯ ಬೇಕಿತ್ತು. ಈ ವ್ಯತ್ಯಾಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಲಾಸ್ ಏಂಜಲೀಸ್‌ನ ಬಹುಮನೆ ಕಟ್ಟಡಗಳ ದಾಖಲೆಗಳನ್ನೇ ಆಧರಿಸಿ ಸಂಶೋಧಕ ಮೈಕಲ್ ಮ್ಯಾನ್‌ವಿಲ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಅಳೆದು ತೋರಿಸಿತು: ವಿವೇಚನೆಗೆ ಒಳಪಡದ, ನೇರ ಹಕ್ಕಿನ ಯೋಜನೆಗಳಿಗೆ ಉಳಿದವುಗಳಿಗಿಂತ ಶೇ 28ರಷ್ಟು ಬೇಗ ಪರವಾನಗಿ ಸಿಕ್ಕಿತ್ತು. ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಹೆಚ್ಚು ಮಹತ್ವದ್ದಾಗಿ ಕಾಣುತ್ತದೆ. ನೇರ ಹಕ್ಕಿನ ಯೋಜನೆಗಳ ನಡುವೆ ಕಾಲಾವಧಿಯ ಏರುಪೇರೂ ಕಡಿಮೆಯಿತ್ತು. ಸಾಲ ಕೊಡುವ ಬ್ಯಾಂಕಿಗೆ ಸರಾಸರಿ ಎಷ್ಟು ತಿಂಗಳು ಎಂಬುದಕ್ಕಿಂತ, ಅದು ಎರಡು ಪಟ್ಟಾಗುವ ಸಂಭವ ಎಷ್ಟು ಎಂಬುದೇ ಚಿಂತೆ. ಆ ಚಿಂತೆಗೆ ಬಡ್ಡಿ ಸೇರುತ್ತದೆ, ಬಡ್ಡಿ ಬಾಡಿಗೆಯೊಳಗೆ ಸೇರುತ್ತದೆ.

ವೇಗ ಎಲ್ಲಿ ಮುಗಿಯುತ್ತದೆ ಎಂಬುದನ್ನು ಕಟ್ಟಡಗಳ ಗಾತ್ರವೇ ಹೇಳುತ್ತದೆ. ನಗರದಲ್ಲಿ 50 ಅಥವಾ ಹೆಚ್ಚು ಮನೆಗಳ ಯೋಜನೆಗೆ ‘ಸೈಟ್ ಪ್ಲ್ಯಾನ್ ರಿವ್ಯೂ’ ಎಂಬ ಪ್ರತ್ಯೇಕ ಪರಿಶೀಲನೆ ಕಡ್ಡಾಯವಾಗಿತ್ತು. ಅದು ವಿವೇಚನೆಯ ನಿರ್ಣಯವಾದ್ದರಿಂದ ಪರಿಸರ ಪರಿಶೀಲನೆಯೂ ಮೇಲ್ಮನವಿಯೂ ಅದರ ಹಿಂದೆಯೇ ಬರುತ್ತವೆ. ಪರಿಣಾಮವಾಗಿ 49 ಮನೆಗಳ ಕಟ್ಟಡ ಲಾಸ್ ಏಂಜಲೀಸ್‌ನ ಒಂದು ಮಾಮೂಲು ಅಳತೆಯಾಯಿತು. ನೆಲ 60 ಮನೆಗಳನ್ನು ಹೊರಬಲ್ಲದಾಗಿದ್ದರೂ, ನಿಲ್ದಾಣ ಎದುರಿಗೇ ಇದ್ದರೂ, ಐವತ್ತನೆಯ ಮನೆ ಎಲ್ಲಕ್ಕಿಂತ ದುಬಾರಿ ಮನೆಯಾಗಿದ್ದರಿಂದ ಅದನ್ನು ಕಟ್ಟದೆ ಬಿಟ್ಟರು. ಹೊಸ ನಿಯಮವೊಂದನ್ನು ತಂದು ಹಳೆಯ ಪರಿಶೀಲನೆಗಳನ್ನು ಅವಿದ್ದಂತೆಯೇ ಬಿಟ್ಟಾಗ ಇಂಥ ಗೋಡೆಗಳು ಉಳಿದುಕೊಳ್ಳುತ್ತವೆ.

ನೆಲದ ಹಕ್ಕನ್ನು ಬಸ್ಸಿನ ವೇಳಾಪಟ್ಟಿಗೆ ಕಟ್ಟಿದ್ದರಿಂದ ಇನ್ನೊಂದು ವಿಚಿತ್ರ ತೊಡಕು ಹುಟ್ಟಿತು. ಶ್ರೇಣಿ ನಿರ್ಧಾರಕ್ಕೆ ಕಡಿಮೆ ನಿಲುಗಡೆಗಳ ‘ರ‍್ಯಾಪಿಡ್’ ಬಸ್ ಮಾರ್ಗಗಳು ಲೆಕ್ಕಕ್ಕೆ ಬರುತ್ತಿದ್ದವು. 2020ರಲ್ಲಿ ಅಂಗೀಕಾರವಾದ ‘ನೆಕ್ಸ್ಟ್‌ಜೆನ್’ ಬಸ್ ಯೋಜನೆಯಡಿ ಕೌಂಟಿಯ ರೈಲು, ಬಸ್ಸುಗಳನ್ನು ಓಡಿಸುವ ಮೆಟ್ರೊ ಸಂಸ್ಥೆ ಅಂಥ ಮಾರ್ಗಗಳಲ್ಲಿ ಹೆಚ್ಚಿನವನ್ನು ಸಾಮಾನ್ಯ ಮಾರ್ಗಗಳೊಡನೆ ವಿಲೀನಗೊಳಿಸಿತು. ಬಸ್ಸು ಹೆಚ್ಚು ಬಾರಿ ಬರುವಂತೆ ಮಾಡುವ ಉದ್ದೇಶದ ಬದಲಾವಣೆಯೇ ಆದರೂ, ಹಣೆಪಟ್ಟಿ ಬದಲಾದರೆ ಪಕ್ಕದ ನಿವೇಶನದ ಶ್ರೇಣಿಯೂ ಬದಲಾಗಬಹುದಿತ್ತು. ಹಳಿ ಒಮ್ಮೆ ಹಾಕಿದರೆ ಅಲ್ಲೇ ಇರುತ್ತದೆ. ಬಸ್ ವೇಳಾಪಟ್ಟಿಯನ್ನು ಬೇರೊಂದು ಸಂಸ್ಥೆ ಬೇರೆ ಕಾರಣಗಳಿಗಾಗಿ ತಿದ್ದುತ್ತಲೇ ಇರುತ್ತದೆ. ಅರ್ಧ ಶತಮಾನ ನಿಲ್ಲಬೇಕಾದ ಕಟ್ಟಡದ ಗಾತ್ರವನ್ನು ಅದಕ್ಕೆ ಜೋತುಹಾಕುವುದು ಸರಿಯಲ್ಲ. ಮಾರ್ಗಗಳ ಬದಲು ರಸ್ತೆಗಳನ್ನು ಗುರುತಿಸಿದ್ದರೆ ಮೇಲಾಗುತ್ತಿತ್ತು.

ಅರವತ್ತು ದಿನಗಳ ಗಡುವು

2022ರ ಡಿಸೆಂಬರ್‌ನಲ್ಲಿ ಮೇಯರ್ ಆಗಿ ಅಧಿಕಾರ ವಹಿಸಿಕೊಂಡ ಕರೆನ್ ಬಾಸ್, ಮೊದಲ ವಾರದಲ್ಲೇ ‘ಎಕ್ಸಿಕ್ಯುಟಿವ್ ಡೈರೆಕ್ಟಿವ್ 1’ ಎಂಬ ಆದೇಶಕ್ಕೆ ಸಹಿ ಹಾಕಿದರು. ಎಲ್ಲ ಮನೆಗಳನ್ನೂ ಕೈಗೆಟುಕುವ ಬಾಡಿಗೆಗೆ ಕೊಡುವ ಯೋಜನೆಯಾದರೆ ಇಲಾಖೆಗಳು 60 ದಿನಗಳೊಳಗೆ ಪರಿಶೀಲನೆ ಮುಗಿಸಬೇಕು, ವಿಚಾರಣೆ ಇಲ್ಲ. ಇದಕ್ಕೆ ರಾಜ್ಯದ ಹಿಂದಿನ ಕಾಯ್ದೆಯೊಂದು ಒತ್ತಾಸೆಯಾಗಿತ್ತು: 2019ರ ‘ಎಬಿ 1763’ ಪ್ರಕಾರ ಅಂಥ ಯೋಜನೆ ಪ್ರಮುಖ ನಿಲ್ದಾಣದ ಅರ್ಧ ಮೈಲಿಯೊಳಗಿದ್ದರೆ ಮನೆಗಳ ಸಂಖ್ಯೆಗೆ ಮಿತಿಯೇ ಇಲ್ಲ, ಮೂರು ಮಹಡಿ ಹೆಚ್ಚುವರಿಯಾಗಿ ಸಿಗುತ್ತದೆ.

ನಂತರ ನಡೆದದ್ದನ್ನು ಬಹುಶಃ ಆದೇಶ ಬರೆದವರೂ ನಿರೀಕ್ಷಿಸಿರಲಿಲ್ಲ. ಸರ್ಕಾರಿ ಅನುದಾನದಿಂದ ಕಟ್ಟುವ ಸಂಸ್ಥೆಗಳ ಜೊತೆಗೆ, ಅನುದಾನವನ್ನೇ ಕೇಳದ ಖಾಸಗಿ ಬಿಲ್ಡರ್‌ಗಳೂ ಅರ್ಜಿ ಹಾಕತೊಡಗಿದರು. ಪರವಾನಗಿ ಬೇಗ ಸಿಗುತ್ತದೆ, ಪಾರ್ಕಿಂಗ್ ಬೇಕಿಲ್ಲ, ಚಿಕ್ಕ ಮನೆಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕಟ್ಟಬಹುದು ಎಂದಾಗ ನಿಗದಿತ ಬಾಡಿಗೆಯಲ್ಲೂ ಲೆಕ್ಕ ಕೂಡಿಬಂತು. 2024ರ ಆರಂಭದ ಹೊತ್ತಿಗೆ ಈ ಆದೇಶದಡಿ 16,000ಕ್ಕೂ ಹೆಚ್ಚು ಮನೆಗಳ ಅರ್ಜಿಗಳು ಬಂದಿದ್ದವು. ಕಾಯುವ ಕಾಲವೂ ಒಂದು ಖರ್ಚು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಉದಾಹರಣೆ ನನಗೆ ತಿಳಿದಿಲ್ಲ. ಅರ್ಜಿ ಎಂದರೆ ಕಟ್ಟಿದ ಮನೆಯಲ್ಲ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಬಡ್ಡಿದರ ಏರಿತು, 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ‘ಮೆಷರ್ ಯುಎಲ್ಎ’ 50 ಲಕ್ಷ ಡಾಲರ್ ಮೀರಿದ ಆಸ್ತಿ ಮಾರಾಟಕ್ಕೆ ಶೇ 4, ಒಂದು ಕೋಟಿ ಡಾಲರ್ ಮತ್ತು ಅದಕ್ಕೂ ಹೆಚ್ಚಿನದಕ್ಕೆ ಶೇ 5.5 ತೆರಿಗೆ ಹಾಕಿತು, ಬಹುಮನೆ ಕಟ್ಟಡಗಳಿಗೂ ಅದು ಅನ್ವಯಿಸಿತು. ವಲಯ ನಿಯಮ ಒಂದು ತಡೆಯನ್ನು ತೆಗೆಯಬಲ್ಲದು, ಸಾಲದ ದರವನ್ನು ಇಳಿಸಲಾರದು.

ಆದೇಶವೂ ಕ್ರಮೇಣ ಕಿರಿದಾಯಿತು. 2023ರ ಜೂನ್‌ನಲ್ಲಿ ಒಂಟಿ ಮನೆಗಳ ವಲಯಗಳನ್ನು, ಅಂದರೆ ಒಂದು ನಿವೇಶನಕ್ಕೆ ಒಂದು ಕುಟುಂಬದ ಮನೆಯೆಂದು ಮೀಸಲಾದ ಪ್ರದೇಶಗಳನ್ನು, ಅದರಿಂದ ಹೊರಗಿಟ್ಟರು. 2024ರ ಜುಲೈನಲ್ಲಿ ಪಾರಂಪರಿಕ ಪ್ರದೇಶಗಳು ಮತ್ತು ಬಾಡಿಗೆ ನಿಯಂತ್ರಣಕ್ಕೊಳಪಟ್ಟ ದೊಡ್ಡ ಕಟ್ಟಡಗಳಿರುವ ನಿವೇಶನಗಳೂ ಹೊರಬಿದ್ದವು. ಈ ಎರಡು ತಿದ್ದುಪಡಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. 1978ರ ಅಕ್ಟೋಬರ್‌ಗೆ ಮೊದಲು ಕಟ್ಟಿದ ಬಾಡಿಗೆ ನಿಯಂತ್ರಿತ ಕಟ್ಟಡವನ್ನು ಕೆಡವಿದರೆ ಅಲ್ಲಿ ವರ್ಷಗಳಿಂದ ಬದುಕಿದ ಬಾಡಿಗೆದಾರರು, ಬಹಳಷ್ಟು ಸಲ ಬಸ್ಸನ್ನೇ ನೆಚ್ಚಿಕೊಂಡವರು, ಬೀದಿಗೆ ಬೀಳುತ್ತಾರೆ. ಕೆಡವಿದ ಮನೆಗಳಿಗೆ ಬದಲಿ ಕೊಡಬೇಕೆಂಬ ಕಾನೂನಿದ್ದರೂ ಹೊಸ ಕಟ್ಟಡ ಏಳುವವರೆಗಿನ ವರ್ಷಗಳನ್ನು ಅವರು ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಆ ತಿದ್ದುಪಡಿ ನ್ಯಾಯವಾದದ್ದು. ಒಂಟಿ ಮನೆಗಳ ವಲಯವನ್ನು ಕಾಯ್ದ ತಿದ್ದುಪಡಿಗೆ ಅಂಥ ಸಮರ್ಥನೆ ನನಗೆ ಕಾಣುವುದಿಲ್ಲ.

ಮುಟ್ಟದ ಮುಕ್ಕಾಲು ಪಾಲು

ಲಾಸ್ ಏಂಜಲೀಸ್‌ನ ವಸತಿ ಭೂಮಿಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರವಾದಷ್ಟು ಒಂಟಿ ಮನೆಗಳಿಗೆ ಮೀಸಲು. ಟಿಒಸಿ ಐದು ಅಥವಾ ಹೆಚ್ಚು ಮನೆಗಳಿಗೆ ಮೊದಲೇ ಅವಕಾಶವಿದ್ದ ನಿವೇಶನಗಳಿಗೆ ಮಾತ್ರ ಅನ್ವಯಿಸಿದ್ದರಿಂದ, ನಿಲ್ದಾಣದಿಂದ ಐದು ನಿಮಿಷದ ನಡಿಗೆಯಲ್ಲಿದ್ದರೂ ಆ ಭೂಮಿಯನ್ನು ಅದು ಮುಟ್ಟಲಿಲ್ಲ. ಹಾಗಾಗಿ ಹೊಸ ಕಟ್ಟಡಗಳ ಒತ್ತಡವೆಲ್ಲ ಬಾಡಿಗೆದಾರರು ಮೊದಲೇ ದಟ್ಟವಾಗಿ ಬದುಕುತ್ತಿದ್ದ ಬೀದಿಗಳ ಮೇಲೆ ಬಿತ್ತು. ಬಾಡಿಗೆದಾರರ ಸ್ಥಳಾಂತರದ ಬಗ್ಗೆ ಕೇಳಿಬಂದ ಕಳವಳವನ್ನು ಟಿಒಸಿಯ ವಿರುದ್ಧದ ವಾದವಾಗಿ ಬಳಸುವುದುಂಟು; ನನ್ನ ಮಟ್ಟಿಗೆ ಅದು, ನಿಯಮ ಇನ್ನಷ್ಟು ಹರಡಿಕೊಂಡಿರಬೇಕಿತ್ತು ಎಂಬುದಕ್ಕೆ ಸಾಕ್ಷಿ.

2021ರಿಂದ 2029ರ ಅವಧಿಯಲ್ಲಿ 4,56,643 ಮನೆಗಳಿಗೆ ನೆಲ ಒದಗಿಸಬೇಕೆಂಬ ಗುರಿ ಈ ನಗರಕ್ಕೆ ನಿಗದಿಯಾಗಿದೆ. ಅದಕ್ಕಾಗಿ ಹೊಸ ವಲಯ ನಿಯಮಗಳನ್ನು ಮಾಡುವಾಗ ಕೌನ್ಸಿಲ್ 2024ರ ಡಿಸೆಂಬರ್‌ನಲ್ಲಿ ‘ಸಿಟಿವೈಡ್ ಹೌಸಿಂಗ್ ಇನ್ಸೆಂಟಿವ್ ಪ್ರೋಗ್ರಾಂ’ ಅನ್ನು ಅಂಗೀಕರಿಸಿತು. ಟಿಒಸಿಯ ಕೋಷ್ಟಕ ಅದರೊಳಗೆ ಸೇರಿಕೊಂಡು 2025ರ ಫೆಬ್ರುವರಿಯಿಂದ ಹೊಸ ರೂಪದಲ್ಲಿ ಜಾರಿಗೆ ಬಂತು. ಒಂಟಿ ಮನೆಗಳ ವಲಯ ಆಗಲೂ ಬಹುಮಟ್ಟಿಗೆ ಹೊರಗೇ ಉಳಿಯಿತು.

ಆ ಗೆರೆಯನ್ನು ದಾಟಿದ್ದು ರಾಜ್ಯ. ನಿಲ್ದಾಣಗಳ ಬಳಿಯ ಎತ್ತರದ ಮಿತಿಯನ್ನು ರಾಜ್ಯ ಮಟ್ಟದಲ್ಲೇ ಏರಿಸಲು ರಾಜ್ಯದ ಸೆನೆಟರ್ ಸ್ಕಾಟ್ ವೀನರ್ 2018ರಲ್ಲಿ ‘ಎಸ್‌ಬಿ 827’ ಮಸೂದೆ ಮಂಡಿಸಿ ಸೋತಿದ್ದರು; ನಂತರದ ‘ಎಸ್‌ಬಿ 50’ ಕೂಡ 2020ರಲ್ಲಿ ಬಿದ್ದುಹೋಗಿತ್ತು. ಮೂರನೆಯ ಪ್ರಯತ್ನವಾದ ‘ಎಸ್‌ಬಿ 79’ ಅನ್ನು ವಿರೋಧಿಸುವ ನಿರ್ಣಯವನ್ನು ಲಾಸ್ ಏಂಜಲೀಸ್ ಕೌನ್ಸಿಲ್ 2025ರ ಆಗಸ್ಟ್‌ನಲ್ಲಿ 8–5 ಮತಗಳಿಂದ ಅಂಗೀಕರಿಸಿತು. ಅಕ್ಟೋಬರ್ 10ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಅದಕ್ಕೆ ಸಹಿ ಹಾಕಿದರು. 2026ರ ಜುಲೈ 1ರಿಂದ ಜಾರಿಗೆ ಬರುವಂತೆ ರೂಪಿಸಿದ ಈ ಕಾಯ್ದೆ, ಹೆಚ್ಚು ರೈಲುಗಳು ಓಡುವ ನಿಲ್ದಾಣಕ್ಕೆ ಅಂಟಿಕೊಂಡ ನಿವೇಶನಗಳಲ್ಲಿ ಒಂಬತ್ತು ಮಹಡಿಗಳವರೆಗೆ, ದೂರ ಹೆಚ್ಚಿದಂತೆ ಅದಕ್ಕಿಂತ ಕಡಿಮೆ ಎತ್ತರಕ್ಕೆ ಅವಕಾಶ ಕೊಡುತ್ತದೆ. ಒಂಟಿ ಮನೆಗಳ ವಲಯವೂ ಅದರೊಳಗಿದೆ. ಒಟ್ಟು ಸಾಮರ್ಥ್ಯವನ್ನು ಕಾಯ್ದುಕೊಂಡು ಎತ್ತರವನ್ನು ಬೇರೆ ಬೀದಿಗಳಿಗೆ ಹಂಚುವ ಪರ್ಯಾಯ ಯೋಜನೆಯನ್ನು ಮುಂದಿಡಲು ನಗರಗಳಿಗೆ ಅವಕಾಶ ಬಿಡಲಾಗಿದೆ. ಲಾಸ್ ಏಂಜಲೀಸ್ ಆ ಅವಕಾಶವನ್ನು ಬಾಡಿಗೆದಾರರ ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳಲು ಬಳಸಿದರೆ ಕಾಯ್ದೆಯ ಉದ್ದೇಶಕ್ಕೆ ಧಕ್ಕೆಯಿಲ್ಲ; ಒಂಟಿ ಮನೆಗಳ ಬೀದಿಗಳನ್ನು ಮತ್ತೆ ಹೊರಗಿಡಲು ಬಳಸಿದರೆ 2017ರ ಕೋಷ್ಟಕ ಎಲ್ಲಿ ನಿಂತಿತ್ತೋ ನಗರವೂ ಅಲ್ಲಿಯೇ ನಿಲ್ಲುತ್ತದೆ.